ಕೂದಲೆಳೆ ಇಳಿದ ಗಾಂಧಾರ

"ಈ ಪೆಟ್ಟಿಗಿ ಶ್ರುತಿ ಮಾಡಿದಾಂವ ಏಳನೇತ್ತಾ ಪಾಸಾಗಿಲ್ಲ ಅನ್ನೂದನ್ನ ಪೆಟ್ಟಿಗೀನ ಹೇಳ್ಲಿಕ್ಕತ್ತದ ನೋಡ್ರಿ," ಎಂದರು ಡಾಕ್ಟರ್ ಅನಿರುದ್ಧ ಗಲಗಲಿ.

ಕೋಣೆಯಲ್ಲಿ ಡಾಕ್ಟರ ಕಡೆಯವರು ಹನ್ನೊಂದು ಜನರಿದ್ದರು. ಹನ್ನೊಂದೂ ಜನ ನಕ್ಕರು. ಫಕೀರೇಶ ನಿಜವಾಗಿಯೂ ಏಳನೇ ತರಗತಿ ಪಾಸಾಗಿರಲಿಲ್ಲ. ಸುಳ್ಳು ಬೈಗುಳವಾದರೆ ಕೊಡವಿಕೊಂಡು ಏಳಬಹುದು. ನಿಜವನ್ನೇ ಬೈಗುಳ ಮಾಡಿ ನಾಲ್ಕು ಜನರ ಮುಂದೆ ಮುಖಕ್ಕೆ ಎರಚಿದರೆ ಎಲ್ಲಿಗೆ ಹೋಗುವುದು?

ಮೇಜಿನ ಮೇಲೆ ಅವನ ಅಪ್ಪನ ಕರಿ ಹಾರ್ಮೋನಿಯಂ ಇತ್ತು. ಗೋಡೆಯ ಪರದೆಯಲ್ಲಿ ಕೆಂಪಗೆ ಮಿನುಗುತ್ತಿತ್ತು: ಗಾಂಧಾರ, ಹದಿನಾಲ್ಕು ಅಂಶ ಕಡಿಮೆ. ಉಳಿದ ಸ್ವರಗಳ ಮುಂದೆ ಸಣ್ಣಪುಟ್ಟ ಹಸಿರು ಅಂಕಿಗಳು. ಗಾಂಧಾರವೊಂದೇ ತಪ್ಪಿತಸ್ಥನ ಹಾಗೆ ಕೆಂಪಾಗಿ ನಿಂತಿತ್ತು.

"ನಮ್ಮಪ್ಪ ಇಟ್ಟ ಶ್ರುತಿರಿ ಅದು," ಎಂದ ಫಕೀರೇಶ.

"ಹಂಗಾರ ಅವರೂ ಸಾಲಿ ಕಲ್ತಿಲ್ಲ," ಎಂದರು ಡಾಕ್ಟರು. ಮತ್ತೆ ನಗು.

ಆ ನಗು ಮೂಲೆಯಲ್ಲಿ ಕುಳಿತ ನೀಲಕ್ಕನಿಗೆ ಬಡಿಯಿತು. ಫಕೀರೇಶನಿಗಿಂತ ಆರು ವರ್ಷ ದೊಡ್ಡವಳು, ಮೂವತ್ತು ತುಂಬಿದವಳು. ಎರಡೂ ಕಿವಿ ಮುಚ್ಚಿಕೊಂಡಳು; ಸಾಲದೆ ಎಡಗೈ ಮಣಿಕಟ್ಟನ್ನು ಬಾಯಿಗೆ ತಂದು ಕಚ್ಚಿದಳು. ಅಲ್ಲಿ ಹಲ್ಲಿನ ಗುರುತು ಬಿದ್ದೂ ಬಿದ್ದೂ ಚರ್ಮ ಚಪ್ಪಲಿಯ ಅಟ್ಟೆಯ ಹಾಗೆ ದಡ್ಡುಗಟ್ಟಿತ್ತು. ಫಕೀರೇಶ ಬೈಗುಳ ಮರೆತು ಅಕ್ಕನನ್ನು ಹೊರಗೆ ಕರೆದುಕೊಂಡು ಹೋದ.

ಹಿಂದೆಯೇ ಯಂತ್ರ ನಡೆಸುವ ಶಾಹೀನ್ ಬಂದಳು. ಹುಬ್ಬಳ್ಳಿಯ ಹುಡುಗಿ, ಆ ಹನ್ನೊಂದು ಜನರಲ್ಲಿ ಅತ್ಯಂತ ಕಡಿಮೆ ನಕ್ಕವಳು.

"ಅಣ್ಣಾ, ಸಾಹೇಬ್ರ ಮಾತು ಮನಸಿಗೆ ಹಚ್ಕೋಬ್ಯಾಡ. ಯಂತ್ರಕ್ಕ ಸರಿ ಸ್ವರ ಬ್ಯಾಡ, ತಪ್ಪು ಸ್ವರ ಬ್ಯಾಡ. ಆಕಿ ಮೆಚ್ಚಿದ ಸ್ವರ ಬೇಕು, ಅಷ್ಟ. ಪೆಟ್ಟಿಗಿ ಮುಟ್ಟಬ್ಯಾಡ. ನಾಲ್ಕು ದಿನ ಬಿಟ್ಟು ಹಿಂಗ ತೊಗೊಂಡು ಬಾ."

ಫಕೀರೇಶ ಮುಚ್ಚಿದ ಬಾಗಿಲಿನ ಆಚೆ ನಗು ಇನ್ನೂ ನಡೆದಿತ್ತೇನೋ ಎಂದು ಕಿವಿಗೊಟ್ಟಿದ್ದ.

ಯಂತ್ರದ ಹೆಸರು ಶ್ರುತಿಛತ್ರ. ಫಕೀರೇಶನ ತಾಯಿ ಗಂಗವ್ವನ ಬಾಯಲ್ಲಿ ಅದು ಕಿವಿಛತ್ರಿ. ಧಾರವಾಡದ ಆ ಸಂಶೋಧನಾ ಕೇಂದ್ರದಲ್ಲಿ ಗಲಗಲಿಯವರು ಒಂಬತ್ತು ವರ್ಷ ಕೂತು ಮಾಡಿದ್ದು. ಹಣೆಗೆ ಕಟ್ಟುವ ಎರಡು ಬೆರಳಗಲದ ಪಟ್ಟಿ; ಒಳಗೆ ಸಾಸಿವೆ ಕಾಳಿನಂಥ ಸುರುಳಿಗಳು. ಅವು ಸಣ್ಣಗೆ ಅಯಸ್ಕಾಂತದ ಮಿಡಿತ ಕೊಟ್ಟು, ಮಿದುಳಿನ ಕೇಳುವ ಭಾಗವನ್ನು ತಟ್ಟುತ್ತವೆ.

ಡಾಕ್ಟರು ಗಂಗವ್ವನಿಗೆ ಬಿಡಿಸಿ ಹೇಳಿದ್ದರು: "ನಮ್ಮ ನಿಮ್ಮ ತಲಿಯೊಳಗ ಒಬ್ಬ ಬಾಗಿಲು ಕಾಯಾಂವ ಇರ್ತಾನವಾ. ಫ್ಯಾನಿನ ಸಪ್ಪಳ ಬಂತು, ಹೊರಗ ನಿಲ್ಲು ಅಂತಾನ. ಮಗಾ ಕೂಗ್ತು, ಒಳಗ ಬಾ ಅಂತಾನ. ಆಟಿಸಂ ಇದ್ದ ಭಾಳ ಮಂದಿಗೆ ಅಂವ ಯಾರನ್ನೂ ತಡಿಯೂದಿಲ್ಲ. ಫ್ಯಾನು, ಬಸ್ಸು, ಚಮಚೆ, ಕೆಮ್ಮು, ಎಲ್ಲಾ ಒಂದಽ ಅಳತಿಯೊಳಗ ಒಳಗ ಬರ್ತಾವ. ಅದಕ್ಕ ನಮಗ ಕೇಳದ ಕೂದಲೆಳಿ ವ್ಯತ್ಯಾಸ ಅವರಿಗೆ ಕೇಳ್ತದ. ಅದಕ್ಕಽ ಸಂತಿಯೊಳಗ ಅವರಿಗೆ ಹುಚ್ಚು ಹಿಡಿದಂಗ ಆಗ್ತದ."

ಪರಿಹಾರವೆಂದರೆ ಒಂದು ಗೂಟ. ಚಿಕ್ಕಂದಿನಿಂದ ಅವರು ಮೆಚ್ಚಿದ ಒಂದೇ ಒಂದು ನಾದವನ್ನು ಮಿದುಳಿನಲ್ಲಿ ಗೂಟದ ಹಾಗೆ ನೆಡುವುದು; ನಲವತ್ತು ದಿನ, ದಿನಕ್ಕೆ ಎರಡು ತಾಸು. ಆಮೇಲೆ ಲೋಕದ ಎಲ್ಲ ಸಪ್ಪಳಗಳೂ ಬಿಚ್ಚಿದ ದನಗಳ ಹಾಗೆ ಮೈಮೇಲೆ ಬರುವುದಿಲ್ಲ. ಆ ಗೂಟಕ್ಕೆ ಕಟ್ಟಿಹಾಕಿದಂತೆ ಸುಮ್ಮನಿರುತ್ತವೆ. ಪಟ್ಟಿಯೂ ಬೇಕಾಗುವುದಿಲ್ಲ. ಆದರೆ ಒಮ್ಮೆ ನೆಟ್ಟ ಗೂಟ ಕೀಳಲು ಬರುವುದಿಲ್ಲ. ಸಿಮೆಂಟು ಹಾಕಿದ ಹಾಗೆ.

ಇಷ್ಟೆಲ್ಲ ಮಾತಾಡಿದವರಲ್ಲಿ ಯಾರೂ ನೀಲಕ್ಕನನ್ನು ಮಾತ್ರ ಕೇಳಲಿಲ್ಲ. ಫಕೀರೇಶನೂ ಕೇಳಲಿಲ್ಲ.

ಗದಗಿನ ಅವರ ಅಂಗಡಿಯ ಎಡಬಲಕ್ಕೂ ಛಾಪಖಾನೆ. ಹಗಲೆಲ್ಲ ಧಡಲ್ ಧಡಲ್. ಅಂಗಡಿಯ ಹಿಂದೆಯೇ ಮನೆ. ಅಪ್ಪ ಈರಪ್ಪ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ. ಭಜನಾ ಸಂಘದವರು, ನಾಟಕದವರು, ಸಂಗೀತ ಕಲಿಸುವ ಮೇಷ್ಟ್ರುಗಳು ಅವನ ಗಿರಾಕಿಗಳು. ಅವನು ಸತ್ತು ಆರು ವರ್ಷ. ಅಂಗಡಿ ಈಗ ಫಕೀರೇಶನದು. ಆದರೆ ಅಂಗಡಿಯ ಕಿವಿ ನೀಲಕ್ಕನದು.

ಅವಳಿಗೆ ಬರುತ್ತಿದ್ದ ಮಾತು ಹತ್ತೋ ಹನ್ನೆರಡೋ. ಶ್ರುತಿ ತಪ್ಪಿದ ಪೆಟ್ಟಿಗೆ ನುಡಿಸಿದರೆ "ಹುಳಿ" ಅನ್ನುತ್ತಿದ್ದಳು. ಯಾವ ರೀಡು ತಪ್ಪಿದೆಯೋ ಆ ರೀಡಿನ ಮೇಲೇ ಬೆರಳಿಡುತ್ತಿದ್ದಳು. ಹಿತ್ತಾಳೆಯ ಆ ಪುಟ್ಟ ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಫಕೀರೇಶ ಸಣ್ಣ ಅರದಂಥ ಕಾನಸು ಹಿಡಿದು ಕೆರೆಯುತ್ತ ಹೋದ ಹಾಗೆ ಅವಳು "ಹುಳಿ, ಹುಳಿ" ಅನ್ನುತ್ತಿದ್ದು, ಯಾವುದೋ ಒಂದು ಕ್ಷಣಕ್ಕೆ ಸುಮ್ಮನಾಗುತ್ತಿದ್ದಳು. ಅಲ್ಲಿಗೆ ಕೆಲಸ ಮುಗಿಯಿತು. ಶ್ರುತಿ ತೋರಿಸುವ ಮೊಬೈಲನ್ನು ನೋಡುವ ಪ್ರಮೇಯವೇ ಬಂದಿರಲಿಲ್ಲ.

ಅಪ್ಪನ ಕರಿ ಪೆಟ್ಟಿಗೆಯದು ಬೇರೆಯೇ ಲೆಕ್ಕ. ಅದನ್ನು ಅವನು ಮಾರಿಕೊಳ್ಳಲಿಲ್ಲ, ಯಾರಿಗೂ ನುಡಿಸಲು ಕೊಡಲಿಲ್ಲ. ಅದರ ಗಾಂಧಾರವನ್ನು ಕೂದಲೆಳೆಯಷ್ಟು ಇಳಿಸಿಟ್ಟಿದ್ದ. "ನೋಡೋ ತಮ್ಮಾ, ಸ ಮತ್ತ ಗ ಕೂಡಿಸಿ ಹಿಡಿ," ಅನ್ನುತ್ತಿದ್ದ. "ಅಂಗಡಿಯಿಂದ ಬಂದ ಪೆಟ್ಟಿಗ್ಯಾಗ ಅವೆರಡೂ ಜಗಳಾಡ್ತಾವ. ವಂವಂವಂ ಅಂತೈತಲ್ಲ, ಅದ ಜಗಳ. ಗ ಒಂದೀಟು ಇಳಿಸು. ಈಗ ನೋಡು, ಕೊಡದಾಗಿನ ನೀರು ನಿಂತಂಗ ನಿಂತೈತಿ."

ದಿನಾ ಬೆಳಿಗ್ಗೆ ನೀಲಕ್ಕ ಸ ಮತ್ತು ಗ ಎರಡನ್ನೂ ಒಟ್ಟಿಗೆ ಒತ್ತಿ, ಪೆಟ್ಟಿಗೆಯ ಕಟ್ಟಿಗೆಗೆ ಕೆನ್ನೆ ಇಟ್ಟು, ನಿಂತ ನೀರನ್ನು ಕೇಳುತ್ತಿದ್ದಳು. ಅಪ್ಪ ಹೋದ ಮೇಲೂ ತಪ್ಪಿಸಲಿಲ್ಲ. ಛಾಪಖಾನೆ ಬಡಿದುಕೊಂಡರೂ ಆಗ ಅವಳಿಗೆ ಪರಿವೆ ಇರುತ್ತಿರಲಿಲ್ಲ. ಮುಖ ಅರಳಿಸಿ "ಅಪ್ಪ" ಅನ್ನುತ್ತಿದ್ದಳು. ಅಪ್ಪನ ಹೆಣ ಎತ್ತಿದ ದಿನ ಅವಳು ಅತ್ತಿರಲಿಲ್ಲ. ಊರವರು ಕಲ್ಲು ಅಂದರು. ಅಳುವುದು ಯಾಕೆ? ಅವಳ ಅಪ್ಪ ಪೆಟ್ಟಿಗೆಯಲ್ಲೇ ಇದ್ದ.

ಇಂಥ ಗಾಂಧಾರಕ್ಕೆ ಆ ಹನ್ನೊಂದು ಜನ ನಕ್ಕಿದ್ದರು.

ಮರುದಿನ ಮಧ್ಯಾಹ್ನ ನೀಲಕ್ಕ ಉಂಡು ಮಲಗಿದ್ದಾಗ ಫಕೀರೇಶ ಪೆಟ್ಟಿಗೆಯ ಬೆನ್ನು ಬಿಚ್ಚಿದ. ಗಂಗವ್ವ ಅಕ್ಕಿ ಆರಿಸುತ್ತ ನೋಡಿದಳು.

"ಅದನ್ಯಾಕ ಬಿಚ್ಚಿದ್ಯೋ? ಚಲೋ ಐತಲ್ಲ."

"ಚಲೋ ಇಲ್ಲಬೇ. ಹದಿನಾಲ್ಕು ಕಡಿಮಿ ಐತಿ."

"ನಿಮ್ಮಪ್ಪ ಹಂಗ ಇಟ್ಟಿದ್ನಪಾ."

"ಅಪ್ಪೇನು ಸಾಲಿ ಕಲ್ತಿದ್ನೇನು?" ಅಂದುಬಿಟ್ಟ. ಡಾಕ್ಟರ ಮಾತು ತನ್ನ ಬಾಯಿಂದ ಬಂದದ್ದು ಅವನಿಗೂ ಕೇಳಿತು. ಆದರೂ ಕೈ ನಿಲ್ಲಲಿಲ್ಲ. ಸಿಟ್ಟಿಗೆ ಕಣ್ಣಿರುವುದಿಲ್ಲ ಅನ್ನುತ್ತಾರೆ. ಫಕೀರೇಶನ ಸಿಟ್ಟಿಗೆ ಅವತ್ತು ಕಿವಿಯೂ ಇರಲಿಲ್ಲ. ಮೊಬೈಲನ್ನು ಗೋಡೆಗೆ ಒರಗಿಸಿ ಇಟ್ಟುಕೊಂಡು, ನಾಲಿಗೆಯ ತುದಿಯನ್ನು ಕೆರೆದ. ಹನ್ನೆರಡು. ಒಂಬತ್ತು. ನಾಲ್ಕು. ಹಿತ್ತಾಳೆಯ ಹೊಳೆಯುವ ಹುಡಿ ತೊಡೆಯ ಮೇಲೆ ಬಿತ್ತು. ಸೊನ್ನೆ.

ಸ ಮತ್ತು ಗ ಕೂಡಿಸಿ ಹಿಡಿದ. ವಂವಂವಂ ಎಂದು ಕೊಡದ ನೀರು ಅಲುಗಾಡಿತು. ಗಡಬಡಿಸಿ ಬೆರಳು ತೆಗೆದು, ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ ಹಗ್ಗ ಬಿಗಿದ.

ಮುಂದಿನ ಎರಡೂ ಬೆಳಿಗ್ಗೆ ನೀಲಕ್ಕ ಕೌದಿಯ ಗಂಟಿನ ಮುಂದೆ ಕುಳಿತು "ಅಪ್ಪ?" ಎಂದಳು.

"ಧಾರವಾಡಕ್ಕ ಹೊಂಟಾನ," ಎಂದ ಫಕೀರೇಶ.

ಕೇಂದ್ರದಲ್ಲಿ ಗೂಟ ನೆಡುವ ಕೋಣೆಗೆ ರೋಗಿಯ ಜೊತೆ ಒಬ್ಬರನ್ನೇ ಬಿಡುತ್ತಿದ್ದರು. ಗಂಗವ್ವ ಹೊರಗೆ ಬೆಂಚಿನ ಮೇಲೆ ಸೆರಗಿನ ತುದಿ ಹಿಡಿದು ಕುಳಿತಳು. ಒಳಗೆ ಗೋಡೆಗೆಲ್ಲ ದಪ್ಪ ಹತ್ತಿಯ ಹಾಸು; ಕೆಮ್ಮಿದರೆ ಕೆಮ್ಮು ಬಾಯ ಹತ್ತಿರವೇ ಸಾಯುತ್ತಿತ್ತು. ಗಾಜಿನ ಆಚೆ ಡಾಕ್ಟರು ಮತ್ತು ಅದೇ ಜನ. ಶಾಹೀನ್ ನೀಲಕ್ಕನ ಹಣೆಗೆ ಪಟ್ಟಿ ಕಟ್ಟಿ ಯಂತ್ರದ ಮುಂದೆ ಕುಳಿತಳು.

ಕೌದಿ ಬಿಚ್ಚಿದಾಗ ನೀಲಕ್ಕ ಎರಡು ದಿನದ ನಂತರ ಮೊದಲ ಸಲ ನಕ್ಕಳು. ಕೆನ್ನೆ ಇಡಲು ಬಗ್ಗಿದಳು. ಪಟ್ಟಿಯ ವೈರು ಎಳೆಯುತ್ತದೆಂದು ಶಾಹೀನ್ ಮೆಲ್ಲಗೆ ಹಿಂದಕ್ಕೆ ಕೂರಿಸಿದಳು.

ಫಕೀರೇಶ ತಿದಿ ಒತ್ತಿದ. ಸ. ಗ. ಎರಡೂ ಕೂಡಿ.

ನೀಲಕ್ಕನ ನಗು ಹೋಗಲಿಲ್ಲ. ನಿಂತುಬಿಟ್ಟಿತು, ದಾರಿ ತಪ್ಪಿದವರ ಹಾಗೆ. ಪೆಟ್ಟಿಗೆ ನೋಡಿದಳು. ತಮ್ಮನ ಬೆರಳು ನೋಡಿದಳು. ಸರಿಯಾದ ಕಡೆಯೇ ಒತ್ತಿದ್ದ.

"ಹುಳಿ," ಎಂದಳು.

ಗಾಜಿನ ಆಚೆಯಿಂದ ಸ್ಪೀಕರಿನಲ್ಲಿ ಡಾಕ್ಟರ ದನಿ ಬಂತು: "ಏನಂದ್ಲು?"

"ಏನಿಲ್ರಿ."

"ಹುಳಿ. ಹುಳಿ." ನೀಲಕ್ಕ ಬೆರಳು ಚಾಚಿ ಗಾಂಧಾರದ ಮೇಲೆ ಇಟ್ಟಳು. ಇದು ಅಂತ ತೋರಿಸಿದಳು. ಹತ್ತು ವರ್ಷದಿಂದ ಆ ಬೆರಳು ಒಮ್ಮೆಯೂ ತಪ್ಪಿರಲಿಲ್ಲ.

ಶಾಹೀನ್ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು. "ಅಣ್ಣಾ, ಗೆರಿ ಏರವಲ್ದು. ಮೆಚ್ಚಿದ ಸ್ವರ ಕೇಳಿದ್ರ ಸರ್ ಅಂತ ಏರ್ಬೇಕು. ಇದು ಅದಽ ಸ್ವರ ಹೌದಲ್ಲೊ? ಮುಟ್ಟಿಲ್ಲಲ್ಲೊ ನೀ?"

ಅಷ್ಟರಲ್ಲಿ ಸ್ಪೀಕರ್ ಗಟ್ಟಿಯಾಯಿತು. "ಆಹಾ, ಸೊನ್ನಿಗೆ ಸೊನ್ನಿ! ಏನಪಾ, ನಾಲ್ಕು ದಿನದಾಗ ಹೊಳ್ಳಿ ಸಾಲಿಗೆ ಹೋಗಿ ಬಂದೇನು?"

ಗಾಜಿನ ಆಚೆಯವರೆಲ್ಲ ನಕ್ಕರು. ಈ ಸಲದ ನಗುವಿನಲ್ಲಿ ಭೇಷ್ ಅನ್ನುವುದಿತ್ತು. ಫಕೀರೇಶ ಗಾಜಿನ ಕಡೆ ನೋಡಿದ. ಹೇಳಬೇಕಾದ ಮಾತು ನಾಲ್ಕೇ ನಾಲ್ಕು ಅಕ್ಷರ, ಮುಟ್ಟೇನ್ರಿ ನಾ ಅಂತ. ಅಷ್ಟು ಹೇಳಿದ್ದರೆ ಎಲ್ಲ ನಿಲ್ಲುತ್ತಿತ್ತು. ಪೆಟ್ಟಿಗೆಯನ್ನು ಊರಿಗೆ ಒಯ್ದು ಬುಡ ಕೆರೆದು ತಂದರಾಗುತ್ತಿತ್ತು. ಆದರೆ ಹೇಳಿದರೆ ಆ ಬಾಯಿಗಳೆಲ್ಲ ಮತ್ತೆ ಮೊದಲಿನ ಹಾಗೆ ತೆರೆಯುತ್ತಿದ್ದವು.

"ಅದಽ ಸ್ವರ," ಎಂದ. "ಮುಟ್ಟಿಲ್ಲ."

ಶಾಹೀನ್ ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಗುಂಡಿ ಒತ್ತಿದಳು.

ನಲವತ್ತು ದಿನ ನಡೆಯಿತು. ಹದಿನೈದನೇ ದಿನ ನೀಲಕ್ಕ ಬಸ್ಸಿನಲ್ಲಿ ಕಿವಿ ಮುಚ್ಚಿಕೊಳ್ಳಲಿಲ್ಲ. ಇಪ್ಪತ್ತೆಂಟನೇ ದಿನ ಅಣ್ಣಿಗೇರಿ ದಾಟುವಷ್ಟರಲ್ಲಿ ತಾಯಿಯ ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಹೋದಳು. ಗಂಗವ್ವ ಗದಗು ಬರುವ ತನಕ ಭುಜ ಅಲುಗಿಸಲಿಲ್ಲ. ಇಳಿದಾಗ ಕೈ ಜೋಮು ಹಿಡಿದಿತ್ತು, ಕಣ್ಣು ತುಂಬಿತ್ತು. "ಮೂವತ್ತು ವರ್ಷದಾಗ ಹೊರಗ ಮಲಗಿದ್ದು ಇವತ್ತ ನೋಡೋ ತಮ್ಮಾ," ಎಂದಳು.

ನಲವತ್ತು ಮುಗಿದ ಮೇಲೆ ತಾಯಿ ಮಗಳು ಕಾಯಿಪಲ್ಲೆ ಸಂತೆಗೆ ಹೋಗಿ ಬಂದರು. ಸೋದರಮಾವನ ಮಗಳ ಮದುವೆಗೆ ಹೋದರು. ಡಿಜೆಯವರು ಚಪ್ಪರ ನಡುಗುವಂತೆ ಬಡಿಯುತ್ತಿದ್ದಾಗ ನೀಲಕ್ಕ ಪಂಕ್ತಿಯಲ್ಲಿ ಕುಳಿತು ಎರಡು ಹೋಳಿಗೆ ತಿಂದಳು. ಹಿಂದೆಲ್ಲ ಇವಳನ್ನು ಕಂಡರೆ ಸರಿದು ಕೂರುತ್ತಿದ್ದ ಹೆಂಗಸರು ಹತ್ತಿರ ಬಂದು ಗಲ್ಲ ಮುಟ್ಟಿದರು. ದಡ್ಡುಗಟ್ಟಿದ ಮಣಿಕಟ್ಟಿಗೆ ಗಂಗವ್ವ ದಿನಾ ಎಣ್ಣೆ ತಿಕ್ಕುತ್ತಿದ್ದಳು. ಅದು ಮೆತ್ತಗಾಗಿ, ಹಲ್ಲಿನ ಗುರುತು ಮಾಸತೊಡಗಿತು.

ಇದನ್ನೆಲ್ಲ ಸುಳ್ಳು ಅಂತ ಯಾವ ಬಾಯಿಂದ ಹೇಳುವುದು?

ಆದರೆ ಅಂಗಡಿಯಲ್ಲಿ ಯಾವ ಪೆಟ್ಟಿಗೆ ನುಡಿಸಿದರೂ ನೀಲಕ್ಕ ಸುಮ್ಮನೆ ಕುಳಿತಿರುತ್ತಿದ್ದಳು. ಹುಳಿ ಅನ್ನಲಿಲ್ಲ, ಬೆರಳಿಡಲಿಲ್ಲ. ಲಕ್ಷ್ಮೇಶ್ವರದ ಭಜನೆಯವರು ಒಂದು ಮುರುಕು ಪೆಟ್ಟಿಗೆ ತಂದು ಒದರಿಸಿದರು; ಇವಳು ಬಳೆ ತಿರುವುತ್ತ ಕುಳಿತಳು. ಎಲ್ಲ ಸಪ್ಪಳಗಳೂ ದೂರದ ಓಣಿಯವಾಗಿಬಿಟ್ಟಿದ್ದವು.

ಒಂದು ಶುಕ್ರವಾರ ಬೆಳಿಗ್ಗೆ ಅವಳೇ ಕರಿ ಪೆಟ್ಟಿಗೆಯ ಹತ್ತಿರ ಹೋದಳು. ಸ ಮತ್ತು ಗ ಒತ್ತಿ ಕೆನ್ನೆ ಇಟ್ಟಳು. ತುಂಬ ಹೊತ್ತು ಕಾಯ್ದಳು. ಕೆನ್ನೆ ಬದಲಿಸಿ ಇನ್ನೊಂದು ಕಿವಿ ಇಟ್ಟಳು. ಮುಚ್ಚಳ ಎತ್ತಿ ಒಳಗೆ ಇಣುಕಿದಳು, ಯಾರೋ ಇದ್ದು ಮಾತಾಡದೆ ಕುಳಿತಿರಬಹುದು ಅನ್ನುವ ಹಾಗೆ. ಆಮೇಲೆ ಮುಚ್ಚಿ, ತಮ್ಮನ ಕಡೆ ತಿರುಗಿ, "ಅಪ್ಪ ಹ್ವಾದ," ಎಂದಳು.

ಆರು ವರ್ಷದ ಹಿಂದೆ ಸತ್ತ ಈರಪ್ಪ ಮಗಳ ಪಾಲಿಗೆ ಸತ್ತದ್ದು ಆ ಶುಕ್ರವಾರ. ಅವಳು ಅತ್ತಳು. ಹಳೆಯ ಹಾಗೆ ಕಚ್ಚಿಕೊಂಡು, ಬಡಿದುಕೊಂಡು ಅಲ್ಲ. ಎಲ್ಲರೂ ಅಳುವ ಹಾಗೆ, ಸದ್ದಿಲ್ಲದೆ. ಒಲೆಯ ಮುಂದಿದ್ದ ಗಂಗವ್ವನಿಗೆ ಗೊತ್ತೂ ಆಗಲಿಲ್ಲ.

ಫಕೀರೇಶ ಅಲ್ಲೇ ಪೆಟ್ಟಿಗೆ ಬಿಚ್ಚಿದ. ಈ ಸಲ ಬುಡ ಕೆರೆದ. ಮೊಬೈಲು ನೋಡಲಿಲ್ಲ. ಸ ಹಿಡಿದು, ಗ ಕೆರೆದು, ಮತ್ತೆ ಹಿಡಿದು, ವಂವಂವಂ ವಂ ವಂ… ಕೊಡದ ನೀರು ನಿಂತಿತು. ಅಪ್ಪ ಇಟ್ಟಂತೆಯೇ ನಿಂತಿತು.

"ನೀಲಕ್ಕಾ, ಬಾ. ಅಪ್ಪ ಬಂದಾನ. ಕೇಳ್ಬಾ ಇಲ್ಲಿ."

ಅವಳು ಬಂದಳು. ಅವನು ಒತ್ತಿದ. ಮದುವೆಯ ಡಿಜೆಗೆ ಮುಚ್ಚದ ಕಿವಿಗಳನ್ನು ಅವಳು ಎರಡೂ ಕೈಯಿಂದ ಮುಚ್ಚಿಕೊಂಡು ಗೋಡೆಯ ತನಕ ಹಿಂದೆ ಸರಿದಳು.

"ಹುಳಿ! ಹುಳಿ!" ಮಣಿಕಟ್ಟು ಬಾಯಿಗೆ ಹೋಯಿತು.

ಶಾಹೀನ್‌ಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡ. ಅವಳು ಬೈಯಲಿಲ್ಲ, ಬೈದಿದ್ದರೆ ಚಲೋ ಇತ್ತು. "ಗೂಟಕ್ಕ ಭಾಳ ಸಮೀಪದ ಸ್ವರ ಅದು, ಆದ್ರ ಗೂಟ ಅಲ್ಲ," ಎಂದಳು. "ಎಲ್ಲಾ ಸಪ್ಪಳ ತಡಕೊಂಡಾಳು. ಅದೊಂದನ್ನ ತಡಕೊಳ್ಳಾಕ ಆಗೂದಿಲ್ಲಣ್ಣಾ. ಕೀಳಾಕೂ ಬರೂದಿಲ್ಲ." ಫೋನ್ ಇಡುವ ಮೊದಲು, "ಅವತ್ತ ಆಕಿ ಹೇಳಿದ್ಲು. ನಾನೂ ಕೇಳಿದ್ದೆ," ಎಂದಳು.

ಎರಡು ತಿಂಗಳ ಮೇಲೆ ಕೇಂದ್ರದವರು ಧಾರವಾಡದಲ್ಲಿ ದೊಡ್ಡ ಸಭೆ ಇಟ್ಟರು. ದೆಹಲಿಯಿಂದ ಅಧಿಕಾರಿಗಳು, ಊರೂರಿನ ತಂದೆತಾಯಿಗಳು, ಕ್ಯಾಮೆರಾದವರು, ಮುನ್ನೂರು ಜನ. ಪೆಟ್ಟಿಗೆ ತೊಗೊಂಡೇ ಬರ್ಬೇಕು ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಫಕೀರೇಶ ಅಪ್ಪನ ಗಾಂಧಾರವನ್ನು ಹಾಗೇ ಉಳಿಸಿಕೊಂಡು ತಂದ. ಯಾಕೆ ತಂದ ಅನ್ನುವುದು ಅವನಿಗೆ ಮಾತ್ರ ಗೊತ್ತಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಅಗಿದಿದ್ದ: ಎಲ್ಲರ ಮುಂದೆ ನುಡಿಸುತ್ತೇನೆ. ಅವಳು ಕಿವಿ ಮುಚ್ಚಿಕೊಳ್ಳುತ್ತಾಳೆ. ಮುನ್ನೂರು ಜನ ನೋಡುತ್ತಾರೆ. ಆಗ ನಗಲಿ ಗಲಗಲಿ.

ನೀಲಕ್ಕ ವೇದಿಕೆಯ ಮೇಲೆ ಹೊಸ ಇಳಕಲ್ ಸೀರೆ ಉಟ್ಟು ಕುರ್ಚಿಯಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಗಂಗವ್ವ. ಚಪ್ಪಾಳೆಯ ಮೇಲೆ ಚಪ್ಪಾಳೆ ಬಿದ್ದರೂ ನೀಲಕ್ಕ ಕದಲಲಿಲ್ಲ. ಪ್ರತಿ ಚಪ್ಪಾಳೆಗೂ ಗಂಗವ್ವ ಮಗಳ ಮುಖ ನೋಡಿ, ಆಮೇಲೆ ಸಭೆಯ ಮುಖ ನೋಡುತ್ತಿದ್ದಳು. ಮೂವತ್ತು ವರ್ಷ ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡಿದ ಹೆಂಗಸು ಅವತ್ತು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಿದ್ದಳು.

ಡಾಕ್ಟರು ಮೈಕು ಹಿಡಿದರು. "ಒಂದು ತಪ್ಪು ಒಪ್ಕೋಬೇಕು ನಾನು. ಈ ಫಕೀರೇಶಗ ನಾ ನಾಲ್ಕು ಮಂದಿ ಮುಂದ ಹಗುರ ಮಾತಾಡಿದ್ದೆ. ಇವತ್ತ ಮುನ್ನೂರು ಮಂದಿ ಮುಂದ ವಾಪಸ್ ತೊಗೊಳ್ತೀನಿ. ಇಂವ ಕೂಡಿಸಿಕೊಟ್ಟ ಆ ಗಾಂಧಾರದ ಮ್ಯಾಲೆ ಈ ಯಂತ್ರ ನಿಂತದ. ಇಂಥಾ ಕಿವಿ ಯಾವ ವಿಶ್ವವಿದ್ಯಾಲಯದಾಗೂ ತಯಾರಾಗೂದಿಲ್ಲ."

ಮಾತು ಮನಸ್ಸಿನಿಂದಲೇ ಬಂದಿತ್ತು. ಅದೇ ಫಕೀರೇಶನಿಗೆ ತಡೆದುಕೊಳ್ಳಲು ಆಗಲಿಲ್ಲ. ಬೈಗುಳವಾಗಿದ್ದರೆ ಎದುರು ನಿಲ್ಲಬಹುದಿತ್ತು.

"ಬಾರಪಾ. ಸ ಮತ್ತ ಗ ಒಂದು ಸಲ ಕೇಳಿಸು ಸಭಾಕ್ಕ. ನಿನ್ನ ಅಕ್ಕಗ ಇದರಿಂದ ಏನು ಸಿಕ್ತು, ನಿನ್ನ ಬಾಯಿಂದಽ ಹೇಳು."

ಫಕೀರೇಶ ವೇದಿಕೆ ಹತ್ತಿದ. ಯಂತ್ರದ ಮೂಲೆಯಲ್ಲಿದ್ದ ಶಾಹೀನ್ ಅರ್ಧ ಎದ್ದು ನಿಂತಳು. ಅವನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ತಿದಿಯ ಕೊಂಡಿ ಕಳಚಿ, ಎರಡು ಬೆರಳನ್ನು ಸ ಮತ್ತು ಗ ಮೇಲೆ ಇಟ್ಟ. ಒತ್ತಿದರೆ ಆಯಿತು.

ನೀಲಕ್ಕ ಪೆಟ್ಟಿಗೆಯನ್ನು ನೋಡಿದಳು. ಅವಳ ಎರಡೂ ಕೈ ಮಡಿಲಿನಿಂದ ಮೆಲ್ಲಗೆ ಮೇಲೆದ್ದವು. ಕಿವಿಯವರೆಗೆ ಹೋಗಲಿಲ್ಲ, ಎದೆಯ ಹತ್ತಿರ ಬಂದು ನಿಂತವು, ಕಾಯುತ್ತ. ತಮ್ಮನ ಮುಖ ನೋಡಿದಳು. ಬೇಡ ಅನ್ನುವ ಮಾತು ಅವಳ ಹತ್ತು ಮಾತುಗಳಲ್ಲಿ ಇರಲಿಲ್ಲ. ಪಕ್ಕದಲ್ಲಿ ಗಂಗವ್ವ ನಗುತ್ತಿದ್ದಳು. ಮಗ ನುಡಿಸುತ್ತಾನೆಂದು ಹೆಮ್ಮೆಯಿಂದ.

ಫಕೀರೇಶ ಗಾಂಧಾರದ ಮೇಲಿಂದ ಬೆರಳು ತೆಗೆದ. ಷಡ್ಜದ ಮೇಲಿಂದಲೂ ತೆಗೆದ. ತಿದಿಯ ಕೊಂಡಿ ಹಾಕಿದ. ನೀಲಕ್ಕನ ಕೈಗಳು ಮಡಿಲಿಗೆ ಇಳಿದವು.

"ಯಾಕಪಾ? ಏನಾತು?" ಎಂದರು ಡಾಕ್ಟರು. ಮೈಕಿನಲ್ಲಿ ಆ ಪ್ರಶ್ನೆ ಸಭೆಯ ತುಂಬ ದೊಡ್ಡದಾಗಿ ಕೇಳಿತು. ಯಾರೋ ಹಿಂದಿನಿಂದ, "ನಾಚ್ಕೊಂಡ್ನೋ ಏನೋ!" ಎಂದರು. ನಗು ಎದ್ದಿತು. ನೀಲಕ್ಕ ಆ ನಗುವಿಗೂ ಕದಲಲಿಲ್ಲ.

"ಫಕೀರೇಶ, ಒಂದು ಮಾತರೆ ಹೇಳಿ ಹೋಗಪಾ."

ಅವನು ಪೆಟ್ಟಿಗೆಯನ್ನು ಹೆಗಲಿಗೆ ಏರಿಸಿಕೊಂಡ. ಒಳಗಿನ ಸ್ವರ ಗೊತ್ತಿಲ್ಲದೆ ಕೂಡ ಹೊರಡದಂತೆ ಅಂಗೈಯನ್ನು ತಿದಿಗೆ ಬಿಗಿಯಾಗಿ ಒತ್ತಿ ಹಿಡಿದು, ಮುನ್ನೂರು ಜನರ ನಡುವಿನ ದಾರಿಯಲ್ಲಿ, ತೆರೆದ ಬಾಗಿಲಿನ ಕಡೆಗೆ ನಡೆದ.